ಕೆಂಪು ಪಿನ್ನು, ಬಿಳಿ ಪಿನ್ನು

೧

ಈ ಕಥೆಯನ್ನು ಪೆಟ್ಟಿಗೆಯ ಮುಂದಿನಿಂದ ಶುರುಮಾಡಬೇಕೋ ಹಿಂದಿನಿಂದಲೋ ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಮುಂದಿನಿಂದಾದರೆ ಚಂದ ಕಾಣುತ್ತದೆ. ಕಪ್ಪು ಗಾಜು, ಅಂಗೈ ತುಂಬುವ ಗುಂಡಿ, ನೀಲಿ ದೀಪ. ಹೋಮ್ ಥಿಯೇಟರ್ ರಿಸೀವರ್ ಎಂದು ಅದರ ಹೆಸರು. ಟಿವಿ, ಟೇಪು, ರೇಡಿಯೊ, ಮನೆಯಲ್ಲಿ ಸದ್ದು ಮಾಡುವ ಸಾಮಾನು ಏನೇನಿದೆಯೋ ಅದೆಲ್ಲವನ್ನೂ ಒಳಗೆ ಕರೆದುಕೊಂಡು, ದೊಡ್ಡದು ಮಾಡಿ, ಸ್ಪೀಕರಿನಿಂದ ಹೊರಗೆ ಬಿಡುವ ಯಂತ್ರ. ಹಿಂದಿನಿಂದ ನೋಡಿದರೆ ಬರೀ ತೂತು, ಧೂಳು, ಜೇಡರ ಬಲೆ, ವೈರು. ಒಳ್ಳೆಯ ಕಥೆಗಾರರು ಯಾವಾಗಲೂ ಮುಂದಿನಿಂದ ಶುರುಮಾಡುತ್ತಾರೆ.

(ಒಳ್ಳೆಯ ಕಥೆಗಾರರಿಗೆ ಸಂಪಾದಕರು ತಾವಾಗಿಯೇ ಫೋನ್ ಮಾಡುತ್ತಾರಂತೆ. ನನಗೆ ಇದುವರೆಗೆ ಯಾರೂ ಮಾಡಿಲ್ಲ. ಆದ್ದರಿಂದ ಹಿಂದಿನಿಂದ.)

೨

ಬೈಲಹೊಂಗಲ. ಪೇಟೆಯ ಗದ್ದಲ ಮುಗಿದು ಮನೆಗಳು ಶುರುವಾಗುವ ಒಂದು ಓಣಿ. ಪಡಸಾಲೆಯ ಗೋಡೆಯಲ್ಲಿ ದೊಡ್ಡದೊಂದು ಗೂಡು, ಗೂಡಿನೊಳಗೆ ರಿಸೀವರು, ಅದರ ನೆತ್ತಿಯ ಮೇಲೆ ಹಳೆಯ ಕ್ಯಾಸೆಟ್ ಡೆಕ್ಕು. ಡೆಕ್ಕಿನ ಬೆನ್ನಿನಿಂದ ಒಂದು ಜೋಡಿ ವೈರು ಹೊರಡುತ್ತದೆ. ಒಂದರ ತುದಿಗೆ ಬಿಳಿ ಪಿನ್ನು, ಇನ್ನೊಂದರ ತುದಿಗೆ ಕೆಂಪು. ಬಿಳಿಯದು ಎಡಗಡೆಯ ಸದ್ದನ್ನು ಒಯ್ಯುತ್ತದೆ, ಕೆಂಪು ಬಲಗಡೆಯದನ್ನು. ಎರಡೂ ರಿಸೀವರಿನ ಬೆನ್ನಿನ ಎರಡು ತೂತಿಗೆ ಹೋಗಬೇಕು. ಬಿಳಿ ಹೋಗಿದೆ. ಕೆಂಪು ಹೋಗಿಲ್ಲ. ಅದನ್ನು ಮಲ್ಲಿಗೆ ಮಾಲೆ ಕಟ್ಟುವ ದಾರದಿಂದ ಬಿಳಿ ಪಿನ್ನಿನ ಕೊರಳಿಗೆ ಸುತ್ತಿ ಕಟ್ಟಲಾಗಿದೆ.

ಮೊಬೈಲಿನ ಬೆಳಕು ಬಿಟ್ಟುಕೊಂಡು ಈ ದಾರವನ್ನು ನೋಡುತ್ತ ನಿಂತವಳು ರಾಧಾಬಾಯಿ. ಅರವತ್ತು ದಾಟಿದ ಹೆಂಗಸು. ಇತಿಹಾಸ ಕಲಿಸಿ ನಿವೃತ್ತರಾದ ರಘೋತ್ತಮ ಮಾಸ್ತರರ ಹೆಂಡತಿ. ಅವರು ಈಗ ಮನೆಯಲ್ಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋಗಿದ್ದಾರೆ. ಅವಳು...

“ನಿಂದರ್ರಿ ಒಂದೀಟು,” ಅಂದಳು ರಾಧಾಬಾಯಿ. ನನಗೆ.

ಪಾತ್ರಗಳು ಇಷ್ಟು ಬೇಗ ಬಾಯಿ ಬಿಡುತ್ತವೆಂದು ನಾನು ಎಣಿಸಿರಲಿಲ್ಲ.

“ಅವರು ರಘೋತ್ತಮ ಮಾಸ್ತರರು, ನಾ ಅವಳು. ಹೌದಲ್ಲ?”

“ಬರವಣಿಗೆಯ ರೂಢಿ, ಕಾಕೂ. ಬೇಕಿದ್ದರೆ ನಿಮ್ಮನ್ನೂ ಅವರು ಎಂದೇ ಬರೆಯುತ್ತೇನೆ.”

“ನನಗೇನ ಬ್ಯಾಡ ಅದು. ಅವರನ್ನೂ ಅವನು ಅಂತ ಬರೀರಿ. ಇಬ್ಬರಿಗೂ ಒಂದ ನಮೂನಿ ಇರ್ಲಿ.”

ಸರಿ, ಹಾಗೇ ಬರೆಯುತ್ತೇನೆ. ಇಂಥ ಮಾಸ್ತರರ ಛಡಿ ಏಟು ತಿಂದು ಬೆಳೆದವನು ನಾನು, ಆದ್ದರಿಂದ ಹೀಗೆ ಬರೆಯಲು ಸ್ವಲ್ಪ ಅಳುಕು. ಓದುಗರು ಹೊಂದಿಕೊಳ್ಳಬೇಕು.

೩

ರಘೋತ್ತಮ (ನೋಡಿ, ಬರೆದೇ ಬಿಟ್ಟೆ) ಸವದತ್ತಿಯ ಸಾಲೆಯಲ್ಲಿದ್ದಾಗ ಒಂದು ಶ್ರಾವಣದಲ್ಲಿ ಈ ಡೆಕ್ಕನ್ನು ತಂದ. ಅದಕ್ಕೆ ಎರಡು ಮೈಕು ಹಚ್ಚಲು ಬರುತ್ತಿತ್ತು. ಎಡಗಡೆಯ ಮೈಕನ್ನು ತನ್ನ ಮುಂದೆ ಇಟ್ಟುಕೊಂಡ, ಬಲಗಡೆಯದನ್ನು ಹೆಂಡತಿಯ ಮುಂದೆ ಇಟ್ಟ. ಬಾಡಿಗೆ ಮನೆಯ ಕಿಟಕಿ ಮುಚ್ಚಿ ಇಬ್ಬರೂ ಹಾಡಿದರು. ಹೀಗಾಗಿ ಟೇಪಿನ ಎಡಗಡೆ ಅವನ ದನಿ, ಬಲಗಡೆ ಅವಳ ದನಿ, ಒಂದೇ ಹೊಲದ ಎರಡು ಸಾಲಿನಂತೆ ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಬಿದ್ದವು.

ಆಮೇಲೆ ವರ್ಗ, ಮನೆ ಬದಲು, ಮತ್ತೆ ವರ್ಗ. ಡೆಕ್ಕು ಗೋಣಿಚೀಲ ಹೊದ್ದು ಅಟ್ಟ ಸೇರಿತು. ನಿವೃತ್ತಿಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ರಘೋತ್ತಮ ಬೆಳಗಾವಿಗೆ ಹೋಗಿ ರಿಸೀವರು ತಂದ, ಡೆಕ್ಕನ್ನು ಅಟ್ಟದಿಂದ ಇಳಿಸಿದ. ಟೇಪ್ ಎಂದು ಬರೆದ ಜೋಡಿ ತೂತಿಗೆ ಬಿಳಿ ಪಿನ್ನು ಚುಚ್ಚಿದ. ಕೆಂಪು ಚುಚ್ಚಬೇಕೆನ್ನುವಷ್ಟರಲ್ಲಿ ಪ್ರವಚನದ ರೇಡಿಯೊ ನೆನಪಾಯಿತು. ರೇಡಿಯೊಕ್ಕೆ ಇರುವುದು ಒಂದೇ ಪಿನ್ನು. ಅದನ್ನು ಟೇಪಿನ ಕೆಂಪು ತೂತಿಗೇ ಚುಚ್ಚಿಬಿಟ್ಟರೆ ಯಾವುದು ಕೇಳಬೇಕೆಂದು ಆರಿಸುವ ಗುಂಡಿಯನ್ನು ಒಂದೇ ಕಡೆ ಇಟ್ಟು ಎರಡನ್ನೂ ಕೇಳಬಹುದು, ಎದ್ದು ಹೋಗಿ ತಿರುವುವ ಕೆಲಸವಿಲ್ಲ. ಹಾಗೇ ಮಾಡಿದ.

ಕೈಯಲ್ಲಿ ಕೆಂಪು ಪಿನ್ನು ಉಳಿಯಿತು. ಇಲ್ಲಿ ನೋಡಿ ಅವನ ಬುದ್ಧಿ. ರಘೋತ್ತಮನ ಅಪ್ಪ, ಅಜ್ಜ ಪೌರೋಹಿತ್ಯ ಮಾಡಿದವರು. ಅವನೂ ನೆಂಟರ ಮನೆಗಳಲ್ಲಿ ಭಟ್ಟರು ಸಿಗದಿದ್ದರೆ ಕಾರ್ಯ ಮಾಡಿಸುತ್ತಾನೆ. ಗಂಡ ದಾನ ಕೊಡುವಾಗ, ಅರ್ಘ್ಯ ಬಿಡುವಾಗ ಹೆಂಡತಿ ಅವನ ಬಲಗೈಗೆ ತನ್ನ ಕೈ ಹಚ್ಚಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ಮಂತ್ರ ಹೇಳುವವನು ಅವನು, ನೀರು ಬಿಡುವವನು ಅವನು. ಮುಟ್ಟಿಕೊಂಡು ನಿಂತದ್ದಕ್ಕೆ ಪುಣ್ಯದಲ್ಲಿ ಅವಳಿಗೂ ಪಾಲು. ಅದೇ ಲೆಕ್ಕದಲ್ಲಿ ರಘೋತ್ತಮ ಕೆಂಪು ಪಿನ್ನನ್ನು ಬಿಳಿ ಪಿನ್ನಿಗೆ ಮುಟ್ಟಿಸಿ, ದಾರ ಸುತ್ತಿ, ಕೈ ಕೊಡವಿಕೊಂಡ. ಮುಟ್ಟಿದೆಯಲ್ಲ, ಒಳಗೆ ಹೋಗುತ್ತದೆ ಎಂದು ನಂಬಿದ.

ಹೋಗಲಿಲ್ಲ. ತೂತಿನೊಳಗೆ ಇಳಿಯದ ಪಿನ್ನು ಯಾವ ಸದ್ದನ್ನೂ ಒಯ್ಯುವುದಿಲ್ಲ.

೪

“ನನ್ನ ದನಿ ಯಾಕ ಕೇಳೂದಿಲ್ಲರಿ?” ಎಂದು ಆಗ ಅವಳು ಕೇಳಿದ್ದಳು.

“ಹಳೇ ಟೇಪು,” ಅಂದಿದ್ದ ರಘೋತ್ತಮ. “ಹೆಣ್ಣದನಿ ತೆಳ್ಳಗಿರ್ತದ ನೋಡು, ಮದಲ ಅದ ಸವೀತದ.”

ರಾಧಾಬಾಯಿ ನಂಬಿದಳು. ಇದನ್ನು ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ನಂಬಿದ್ದು ನಿಜ. ಹುಣ್ಣಿಮೆಗೊಮ್ಮೆ ಮನೆಗೆ ಬಂದವರಿಗೆ ಅವನು ಕ್ಯಾಸೆಟ್ ಹಾಕಿ ಕೇಳಿಸುವಾಗ ಅವಳು ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು, ತನ್ನ ದನಿ ಸವೆದುಹೋದ ಹಾಡಿಗೆ ತುಟಿ ಅಲ್ಲಾಡಿಸುತ್ತ.

ಬಂದವರಿಗೆ ಏನು ಕೇಳುತ್ತಿತ್ತು? ಮೊದಲು ಒಂದು ಸಾಲಿನಷ್ಟು ಹೊತ್ತು ನಿಶ್ಶಬ್ದ. ಆಮೇಲೆ ರಘೋತ್ತಮನ ಒಂದು ಸಾಲು. ಮತ್ತೆ ನಿಶ್ಶಬ್ದ, ಮತ್ತೆ ಸಾಲು. ಜನ ಮಾರುಹೋದರು. ಮಾಸ್ತರರು ಮೊದಲು ಮನಸ್ಸಿನೊಳಗೆ ಹಾಡಿಕೊಂಡು ಆಮೇಲೆ ಬಾಯಿ ಬಿಡುತ್ತಾರೆ, ಎಂಥ ಸಾಧನೆ ಎಂದರು. ಕೆಲವರು ಆ ನಿಶ್ಶಬ್ದದಲ್ಲಿ ಕಣ್ಣು ಮುಚ್ಚಿದರು. ಭಜನೆಗೆ ಬರುವ ಇಬ್ಬರು ಅದನ್ನೇ ಕಲಿತು, ಪ್ರತಿ ಸಾಲಿಗೆ ಮೊದಲು ಸುಮ್ಮನೆ ನಿಂತು, ತಬಲಾದವನಿಂದ ಬೈಸಿಕೊಂಡರು.

(ಜಾಣ ಓದುಗನೊಬ್ಬ ಕೈ ಎತ್ತಿದ್ದಾನೆ. ಒಂದೇ ಕೋಣೆಯಲ್ಲಿ ಎರಡು ಮೈಕು ಇದ್ದಮೇಲೆ ಅವಳ ದನಿ ಅವನ ಮೈಕಿಗೂ ಸ್ವಲ್ಪ ಬಿದ್ದಿರಬೇಕಲ್ಲ ಎನ್ನುತ್ತಾನೆ. ಬಿದ್ದಿದೆ. ಹಿಂದೆ ಸಣ್ಣಗೆ ಏನೋ ಕೇಳುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಎಂದುಕೊಂಡರು.)

ನಿನ್ನೆ ಕಿತ್ತೂರಿನ ನೆಂಟ ಭಾರ್ಗವನ ಫೋನ್ ಬಂತು. ಹೈವೇ ಪಕ್ಕದಲ್ಲಿ ಔಷಧಿ ಅಂಗಡಿ ಇಟ್ಟವನು, ಅಲ್ಲಿಯ ಭಜನಾ ಮಂಡಳಿಯ ಯೂಟ್ಯೂಬ್ ಚಾನಲ್ ನಡೆಸುವವನು. ಫೋನು ಸ್ಪೀಕರಿನಲ್ಲಿತ್ತು.

“ನಾಳೆ ಮಧ್ಯಾಹ್ನ ನಿಮ್ಮ ಕ್ಯಾಸೆಟ್ ಚಾನಲ್ಲಿಗೆ ರೆಕಾರ್ಡ್ ಮಾಡ್ಕೊಳ್ಳಿಕ್ಕೆ ಬರತೇನಿ ಕಾಕಾ. ಒಂದ ಬದಿ ಅಷ್ಟ ಕೇಳಸ್ತದಲ್ಲ, ಅದನ್ನ ಎರಡೂ ಬದಿಗೆ ಎಳದು ಬಿಡತೇನಿ. ಇನ್ನೊಂದು ಬದಿ ಖಾಲಿನ ಅದ, ಅಳಸಿ ಹಾಕೋಣು. ಕ್ಯಾಸೆಟ್ಟೂ ನಮ್ಮ ಮಂಡಳಿಗೆ ಕೊಟ್ಟುಬಿಡ್ರಿ, ಕಪಾಟಿನ್ಯಾಗ ಜ್ವಾಕಿ ಇಡತೇವಿ.”

ಇಂದು ಬೆಳಿಗ್ಗೆ, ನೆಂಟ ಬರುತ್ತಾನೆಂದು ರಾಧಾಬಾಯಿ ಗೂಡಿನ ಜೇಡರ ಬಲೆ ತೆಗೆದಳು. ರಿಸೀವರಿನ ಹಿಂದೆ ದಾರ ಕಂಡಿತು. ಗಂಡನನ್ನು ಕರೆದು ಕೇಳಿದಳು. ಅವನು ನಾಚಿಕೆಪಡಲಿಲ್ಲ, ಹೆಮ್ಮೆಯಿಂದಲೇ ವಿವರಿಸಿದ. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಭಾರ್ಗವನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ.

೫

ಇಲ್ಲಿಂದ ಮುಂದೆ ಎರಡು ಕರಡು ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ರಾಧಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರ ಕೋಣೆಗೆ ಹೋಗಿ ಕೂರುತ್ತಾಳೆ.

“ನಾ ಅತ್ತೇ ಇಲ್ಲಲ್ಲ,” ಅಂದಳು. “ಹಂಗ್ಯಾಕ ಬರದೀರಿ?”

“ಓದುವವರ ಕರುಳು ಚುರ್ ಎನ್ನಲಿ ಎಂದು.”

“ಅವರ ಕರುಳು ಅವರಿಗಿರ್ಲಿ. ನನಗ ನನ್ನ ದನಿ ಬೇಕಾಗೇದ.”

ಎರಡನೆಯದರಲ್ಲಿ ರಘೋತ್ತಮ ಮಹಾ ಧೂರ್ತ. ಬೇಕೆಂದೇ ಕೆಂಪು ಪಿನ್ನು ಹೊರಗಿಟ್ಟವನು, ಹೆಂಡತಿಯ ದನಿ ಕಂಡರೆ ಹೊಟ್ಟೆಕಿಚ್ಚು ಪಡುವವನು. ಇದಕ್ಕೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಿಂದಲೇ ತಕರಾರು ಬಂತು.

“ನೀವು ನನ್ನನ್ನ ಕೆಟ್ಟಾಂವ ಮಾಡಬ್ಯಾಡ್ರಿ,” ಅಂದ ರಘೋತ್ತಮ. “ಕನ್ಯಾದಾನಕ್ಕ ಮುಟ್ಟಿದ್ರ ಸಾಲ್ತದ, ಶ್ರಾದ್ಧಕ್ಕ ಸಾಲ್ತದ, ಇದಕ್ಕ ಸಾಲೂದಿಲ್ಲೇನು? ನನಗೇನ ಗೊತ್ತು ಕರೆಂಟಿನ ಶಾಸ್ತ್ರ ಬ್ಯಾರೆ ಅಂತ.”

“ದನಿ ಸವೆಯಿತು ಅಂದದ್ದು?”

“ನನಗ ಹಂಗ ಅನಸ್ತು.”

ಹೀಗೆ ಅನ್ನುವವನನ್ನು ಖಳನಾಯಕ ಮಾಡುವುದು ಕಷ್ಟ, ಒಳ್ಳೆಯವನನ್ನಾಗಿ ಮಾಡುವುದು ಇನ್ನೂ ಕಷ್ಟ. ಎಂದೂ ಯಾರೂ ಎದುರು ಮಾತಾಡದೆ ಬಿಟ್ಟದ್ದರಿಂದ ತನಗೆ ಅನ್ನಿಸಿದ್ದೇ ನಿಜ ಎಂದುಕೊಂಡ ಗಂಡಸು. ನಮ್ಮಲ್ಲಿ ಇಂಥವರು ಓಣಿಗೆ ಹತ್ತು ಸಿಗುತ್ತಾರೆ. ಅವನು ಇದ್ದಂತೆಯೇ ಇರಲಿ.

೬

ನನ್ನ ಯೋಜನೆಯ ಪ್ರಕಾರ ಈ ಹೊತ್ತಿಗೆ ಒಬ್ಬ ಮೆಕ್ಯಾನಿಕ್ ಬಾಗಿಲು ಬಡಿಯಬೇಕಿತ್ತು. ರಾಧಾಬಾಯಿ ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಕಳಿಸಿಬಿಟ್ಟಳು. ಪಾಪ, ಅವನಿಗೆ ಹೆಸರೂ ಇಟ್ಟಿರಲಿಲ್ಲ.

“ನಾನ ಹಚ್ಚತೇನಿ. ನೀವು ಓದಿ ಹೇಳ್ರಿ.”

ಹಾಗಾಗಿ ಕಥೆಗಾರನಾದ ನಾನು ಮ್ಯಾನ್ಯುಅಲ್ ಓದುವ ಕೆಲಸಕ್ಕೆ ಇಳಿದೆ. ಮೊದಲು ಕರೆಂಟು ತೆಗೆಯಿರಿ ಎಂದೆ. ತೆಗೆದಳು. ಪೆಟ್ಟಿಗೆಯನ್ನು ಗೂಡಿನಿಂದ ಮುಂದಕ್ಕೆ ಎಳೆಯಿರಿ ಎಂದೆ. ಒಂದು ಮಣೆ ಕೊಟ್ಟು, ಎಳೆದು, ಅಡ್ಡಲಾಗಿ ತಿರುಗಿಸಿದಳು. ಬೆನ್ನು ಪೂರ್ತಿ ಬೆಳಕಿಗೆ ಬಂತು. ಅಲ್ಲಿ ಸಿಡಿ ಎಂದು ಬರೆದ ಜೋಡಿ ತೂತು ಖಾಲಿ ಇದ್ದುದನ್ನು ಕಂಡು ನನಗೆ ಎಲ್ಲಿಲ್ಲದ ಖುಷಿಯಾಯಿತು.

“ಸುಲಭ ಆಯಿತು ಕಾಕೂ. ಬಿಳಿ, ಕೆಂಪು ಎರಡನ್ನೂ ಇಲ್ಲಿಗೆ ಹಚ್ಚಿಬಿಡಿ. ಸದ್ದಿಗೆ ಏನೂ ಫರಕು ಬೀಳುವುದಿಲ್ಲ. ರೇಡಿಯೊ ತನ್ನ ಪಾಡಿಗೆ ಇರಲಿ, ಯಾರಿಗೂ ಬೇಜಾರಿಲ್ಲ.”

ರಾಧಾಬಾಯಿ ನನ್ನನ್ನು ನೋಡಿದ ನೋಟವನ್ನು ಬರೆಯಲು ಬರುವುದಿಲ್ಲ.

“ಟೇಪ್ ಅಂತ ಬರದಿದ್ದು ಟೇಪಿನ ಜಾಗಾ. ಅಲ್ಲಿ ರೇಡಿಯೊ ಬಂದು ಕೂತದ. ನಾ ಯಾಕ ಎದ್ದು ಬ್ಯಾರೆ ಕಡೆ ಹೋಗ್ಲಿ? ಏಳೂದಿದ್ರ ಅದು ಏಳಲಿ.”

“ಮತ್ತೆ ರೇಡಿಯೊಕ್ಕೆ?”

“ನೀವ ಹುಡಕ್ರಿ ಒಂದು ತೂತು.”

ಹುಡುಕಿದೆ. ಫೋನೋ ಎಂದು ಬರೆದ ತೂತು ಖಾಲಿ ಇತ್ತು. ಹೆಸರು ಚಂದವಿದೆ, ಇಲ್ಲಿಗೆ ಚುಚ್ಚಿರಿ ಎಂದೆ. ಅವಳು ರೇಡಿಯೊದ ಪಿನ್ನು ಕಿತ್ತು ಅಲ್ಲಿ ಚುಚ್ಚಿದಳು, ಕರೆಂಟು ಕೊಟ್ಟಳು, ಮುಂದಿನ ಗುಂಡಿಯನ್ನು ಫೋನೋಕ್ಕೆ ತಿರುವಿದಳು. ಬಾಳೆಹಣ್ಣಿನಂಥ ಮೆತ್ತನೆ ದನಿಯ ಪ್ರವಚನಕಾರರು ಹಿರಣ್ಯಕಶಿಪುವಾಗಿ ಗರ್ಜಿಸಿದರು. ಕಿಟಕಿಯ ಗಾಜು ಗಡಗಡ ಅಂದಿತು.

ಪಕ್ಕದ ಮನೆಯ ನಾಗರತ್ನಾ ಓಡಿಬಂದಳು. ಬಟ್ಟೆ ಅಂಗಡಿಯವರ ಮನೆಯಾಕೆ, ಈ ಮನೆಯಲ್ಲಿ ಏನೇ ಆದರೂ ಮೊದಲು ತಿಳಿಯಬೇಕಾದವಳು.

“ಏನಾತ್ರಿ ಬಾಯಾರ? ಯಾರೋ ಬೈಯಾಕ ಹತ್ತಿದಂಗ ಆತಲ್ರಿ.”

“ಪ್ರವಚನ,” ಅಂದಳು ರಾಧಾಬಾಯಿ ಸದ್ದಿನ ಗುಂಡಿ ಇಳಿಸುತ್ತ. “ಈ ಕಥಿ ಬರಿಯಾಂವ ಹೇಳಿದ ತೂತಿಗೆ ಚುಚ್ಚಿದೆ, ಅದಕ್ಕ ಹಿಂಗಾತು.”

(ಮ್ಯಾನ್ಯುಅಲಿನ ಮುಂದಿನ ಪುಟದಲ್ಲಿ ಇತ್ತು. ಫೋನೋ ಎಂಬುದು ತಟ್ಟೆಯಂಥ ಹಳೇ ರೆಕಾರ್ಡುಗಳಿಗೆ ಮಾತ್ರ. ಅವುಗಳ ಮುಳ್ಳಿನಿಂದ ಬರುವ ಸದ್ದು ಬಹಳ ಸಣ್ಣದು, ಆದ್ದರಿಂದ ಆ ತೂತು ಬಂದದ್ದನ್ನೆಲ್ಲ ಹಿಗ್ಗಿಸುತ್ತದೆ. ನಾನು ಪುಟ ತಿರುವಿರಲಿಲ್ಲ.)

ರೇಡಿಯೊ ಸಿಡಿಯ ತೂತಿಗೆ ಹೋಯಿತು. ಕರೆಂಟು ಮತ್ತೆ ತೆಗೆದು, ಗುಂಡಿಯನ್ನು ಟೇಪಿಗೆ ತಿರುವಿಟ್ಟು, ರಾಧಾಬಾಯಿ ದಾರಕ್ಕೆ ಕೈ ಹಾಕಿದಳು. ಗಂಟು ಬಿಚ್ಚುತ್ತ ಕೂರಲಿಲ್ಲ, ಹರಿದಳು. ಕೆಂಪು ಪಿನ್ನನ್ನು ಸೀರೆಯ ತುದಿಯಿಂದ ಒರೆಸಿ, ಕೆಂಪು ತೂತಿಗೆ ಒತ್ತಿ, ತಿರುವಿ, ಗಟ್ಟಿಯಾಗಿ ಕೂತಿದೆಯೋ ಎಂದು ಒಮ್ಮೆ ಜಗ್ಗಿ ನೋಡಿದಳು. ಪೆಟ್ಟಿಗೆಯನ್ನು ಗೂಡಿಗೆ ತಳ್ಳಲಿಲ್ಲ. ಬೆನ್ನು ಕಾಣುವ ಹಾಗೆ ಅಡ್ಡಲಾಗಿಯೇ ಬಿಟ್ಟಳು.

“ಒಮ್ಮೆ ಹಾಕಿ ನೋಡಿ,” ಎಂದೆ ನಾನು.

“ಬ್ಯಾಡ.”

“ಯಾಕ್ರಿ ಬಾಯಾರ?” ನಾಗರತ್ನಾ ಕೇಳಿದಳು.

ರಾಧಾಬಾಯಿ ಹರಿದ ದಾರವನ್ನು ಮುದ್ದೆ ಮಾಡಿ ಹೊರಗೆ ಎಸೆದಳು. ಉತ್ತರ ನಾನು ಕೊಡುತ್ತೇನೆ, ಅವಳು ಬೈದರೂ ಸರಿ. ಅವಳಿಗೆ ಹೆದರಿಕೆಯಾಗಿತ್ತು. ಗಂಡ ಹೇಳಿದ್ದೇ ನಿಜವಾಗಿದ್ದರೆ? ಪಿನ್ನು ಹಚ್ಚಿದ ಮೇಲೂ ಬಲಗಡೆಯ ಸ್ಪೀಕರು ಸುಮ್ಮನಿದ್ದರೆ? ದಾರ ಕಂಡ ಹೊತ್ತಿನಿಂದ ಅವಳು ಸಿಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತದ್ದು ಈ ಹೆದರಿಕೆ ಒಳಗೆ ಬಾರದಿರಲಿ ಎಂದೇ.

೭

(ಈ ಭಾಗದಲ್ಲಿ ಸವದತ್ತಿಯ ಬಾಡಿಗೆ ಮನೆ, ಶ್ರಾವಣದ ಮಳೆ, ಚಿಕ್ಕ ವಯಸ್ಸಿನ ರಾಧಾಬಾಯಿಯ ಹೆರಳು ಇತ್ತು. ಬಹಳ ಸೊಗಸಾಗಿ ಬಂದಿತ್ತು. “ಅದನ್ನ ತೆಗೀರಿ, ಅವರು ಬರೂ ಹೊತ್ತಾತು,” ಅಂದಳು. ತೆಗೆದೆ.)

೮

ಬಂದರು. ಭಾರ್ಗವ ಚಹಾ ಕುಡಿದ, ಬ್ಯಾಗಿನಿಂದ ಬೀಡಿಪೆಟ್ಟಿಗೆಯಷ್ಟಿರುವ ರೆಕಾರ್ಡರ್ ತೆಗೆದು ಅದರ ವೈರನ್ನು ರಿಸೀವರಿನ ಮುಖದಲ್ಲಿದ್ದ ಹೆಡ್‌ಫೋನ್ ತೂತಿಗೆ ಸಿಕ್ಕಿಸಿದ, ಸ್ಪೀಕರೂ ಕೇಳಲಿ ಎಂದು ಬಿಟ್ಟ. ರಘೋತ್ತಮ ಪೆಟ್ಟಿಗೆ ಅಡ್ಡ ನಿಂತದ್ದನ್ನು ನೋಡಿದ, ಜೇಡರ ಬಲೆ ತೆಗೆದು ಹಾಗೇ ಬಿಟ್ಟಿದ್ದಾಳೆ ಎಂದುಕೊಂಡು ತನ್ನ ಆರಾಮ ಕುರ್ಚಿಯಲ್ಲಿ ಕೂತ. ನಾಗರತ್ನಾ ಹೋಗುವ ಲಕ್ಷಣವಿರಲಿಲ್ಲ.

“ಕಾಕಾ, ಆ ಮೊದಲಿನ ಮೌನ ಅದಲ್ಲ, ಅದರಿಂದನ ಶುರು ಮಾಡತೇನಿ,” ಅಂದ ಭಾರ್ಗವ. ರಘೋತ್ತಮ ಕಣ್ಣು ಮುಚ್ಚಿದ. ಡೆಕ್ಕಿನ ಗುಂಡಿ ಒತ್ತಿದವಳು ರಾಧಾಬಾಯಿ.

ಸ್ವಲ್ಪ ಹೊತ್ತು ಟೇಪಿನ ಸರ್ರ್ ಎನ್ನುವ ಸದ್ದು. ಆಮೇಲೆ ಬಲಗಡೆಯಿಂದ ಒಂದು ಹೆಣ್ಣುದನಿ ಎದ್ದಿತು.

*ಹೊಳಿ ತುಂಬಿ ಬಂದಾಳ, ಹರಿಗೋಲ ತಾರೊ.*

ತೆಳ್ಳಗಿರಲಿಲ್ಲ. ಸವೆದಿರಲಿಲ್ಲ. ಬಾವಿಯಿಂದ ಆಗತಾನೆ ಸೇದಿದ ನೀರಿನ ಹಾಗೆ ತಣ್ಣಗೆ, ಭಾರವಾಗಿ ಬಂತು. ಅದು ಮುಗಿದ ಮೇಲೆ ಎಡಗಡೆಯಿಂದ ರಘೋತ್ತಮನ ದನಿ ಅದೇ ಸಾಲನ್ನು ತಿರುಗಿ ಹೇಳಿತು. ಮತ್ತೆ ಅವಳು ಮುಂದಿನ ಸಾಲು, ಮತ್ತೆ ಅವನು ಅದರ ಹಿಂದೆ. ಮೂರನೆಯದಕ್ಕೆ ಅವನು ರಾಗ ಎಳೆದ. ಬಲಗಡೆಯ ದನಿ ಹಾಡು ನಿಲ್ಲಿಸಿ ಮಾತಾಡಿತು.

“ಎಳೀಬ್ಯಾಡ್ರಿ. ನಾ ಅಂದಷ್ಟ ಅನ್ರಿ.”

ಎಡಗಡೆಯವನು ಅವಳು ಅಂದಷ್ಟೇ ಅಂದ. ನಾಗರತ್ನಾ ಬಾಯಿಗೆ ಸೆರಗು ಒತ್ತಿ ನಕ್ಕಳು.

ರಾಧಾಬಾಯಿ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಹೆದರಿಕೆ ಹೋಗಿತ್ತು. ಅದು ಹೋದ ಜಾಗಕ್ಕೆ ಬಂದದ್ದು ಸಂತೋಷ ಎಂದು ಬರೆಯಲು ಹೊರಟಿದ್ದೆ, ಅಲ್ಲ. ಇಷ್ಟು ಗಟ್ಟಿ ದನಿಯನ್ನು ಸವೆಯಿತು ಅಂದರೆ ಹೌದೆಂದು ನಂಬಿ ಒಗ್ಗರಣೆ ಹಾಕುತ್ತ ನಿಂತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಕೆಂಡದಂಥ ಸಿಟ್ಟು ಬಂದಿತ್ತು.

ಭಾರ್ಗವ ಟೇಪು ನಿಲ್ಲಿಸಿದ.

“ಕಾಕಾ, ನೀವು ಹಿಂದಿಂದ ಹಾಡೀರಲ್ಲ.”

“ಅಕಿ ಹಾಡು ಅದು,” ಅಂದ ರಘೋತ್ತಮ. “ರಾಮದುರ್ಗದ್ದು, ಅಕಿ ತವರುಮನಿದು. ನನಗ ಬರ್ತಿದ್ದಿಲ್ಲ. ಅಕಿ ಅಂದಂಗ ಅಂದೆ.”

“ಮತ್ತ ಆ ಮೌನ? ಮನಸ್ಸಿನ್ಯಾಗ ಮೊದಲ ಹಾಡ್ಕೊಳ್ಳೂದು?”

“ಜನ ಹಂಗ ಅಂದ್ರು. ನಾ ಅಲ್ಲ ಅನ್ನಲಿಲ್ಲ ಅಷ್ಟ.”

ಭಾರ್ಗವ ಕೆಟ್ಟವನಲ್ಲ, ಲೆಕ್ಕಾಚಾರದವನು. ತಲೆ ಕೆರೆದುಕೊಂಡು ಅಂದ, “ಕಾಕೂ, ನಿಮ್ಮ ದನಿ ಭಾಳ ಚಲೋ ಅದ. ಅದರಾಗ ಎರಡು ಮಾತಿಲ್ಲ. ಆದ್ರ ‘ಮೌನದ ಗಾಯನ’ ಅಂತ ಚಾನಲ್‌ದಾಗ ಆಗಲೇ ಜಾಹೀರಾತು ಹಾಕೇನಿ. ಮಂದಿ ಆ ಖಾಲಿ ಜಾಗಾ ಕೇಳಲಿಕ್ಕೇ ಕಾಯ್ಲಿಕ್ಕೆ ಹತ್ತ್ಯಾರ. ಇವತ್ತಿನ ಮಟ್ಟಿಗೆ ಆ ಕೆಂಪು ಪಿನ್ನು ತೆಗದುಬಿಡೋಣು. ನಿಮ್ಮದನ್ನ ಆಮ್ಯಾಲೆ ಇನ್ನೊಮ್ಮೆ ಬಂದು ಮಾಡತೇನಿ.”

“ಹೌದು, ತೆಗಿ ಅತ್ತ,” ಅಂದ ರಘೋತ್ತಮ. “ಬೇಕಾದ್ರ ಮುಟ್ಟಿಸಿ ಇಡು.”

ರಾಧಾಬಾಯಿ ಪೆಟ್ಟಿಗೆಯ ಬೆನ್ನಿನ ಕಡೆಗೆ ನಡೆದಳು.

೯

ಓದುಗರೇ, ಇಲ್ಲಿ ಅವಳನ್ನು ಒಂದು ಗಳಿಗೆ ನಿಲ್ಲಿಸಿ ನಿಮಗೆ ಕೆಲವು ಮುಕ್ತಾಯಗಳನ್ನು ತೋರಿಸಬೇಕೆಂದಿದ್ದೇನೆ. ಕಷ್ಟಪಟ್ಟು ಮಾಡಿದವು, ದಂಡವಾಗಬಾರದು.

ಮುಕ್ತಾಯ ಅ. ಭಾರ್ಗವನ ಮನಸ್ಸು ಕರಗುತ್ತದೆ. ಎದ್ದು ರಾಧಾಬಾಯಿಯ ಕಾಲಿಗೆ ಬೀಳುತ್ತಾನೆ, ಚಾನಲ್ಲಿನ ಹೆಸರನ್ನೇ ಬದಲಿಸುತ್ತಾನೆ, ಕಿತ್ತೂರಿನಲ್ಲಿ ಶಾಲು ಹೊದಿಸಿ ಸನ್ಮಾನ.

“ಅವನ ಮನಸ್ಸು ಕರಗೂತನಕ ನಾ ನಿಂದರಬೇಕೇನು?” ಅಂದಳು ರಾಧಾಬಾಯಿ, ತಿರುಗಿ ನೋಡದೆ.

ಮುಕ್ತಾಯ ಆ. ಅದೇ ಹೊತ್ತಿಗೆ ಡೆಕ್ಕು ಟೇಪನ್ನು ನುಂಗಿ ಹರಿದುಹಾಕುತ್ತದೆ. ಅವಳ ದನಿ ಸಿಕ್ಕಂತೆ ಮಾಡಿ ಶಾಶ್ವತವಾಗಿ ಹೋಗುತ್ತದೆ. ವಿಮರ್ಶಕರಿಗೆ ಇಂಥದ್ದು ಹಿಡಿಸುತ್ತದೆ.

“ಟೇಪಿಗೇನಾರ ಆತಂದ್ರ ನಿಮ್ಮ ಕೈ ಮುರೀತೇನಿ.”

ಮುಕ್ತಾಯ ಇ. ರಘೋತ್ತಮ ಗದ್ಗದನಾಗಿ ಕ್ಷಮೆ ಕೇಳುತ್ತಾನೆ. ಇಬ್ಬರೂ ಹಳೆಯ ಹಾಡನ್ನು ಮತ್ತೆ ಕೂಡಿ ಹಾಡುತ್ತಾರೆ, ಎರಡು ಪಿನ್ನು, ಎರಡು ದನಿ, ಒಂದು ಸಂಸಾರ.

ಇದಕ್ಕೆ ಅವಳು ಬಾಯಿ ಬಿಡುವ ಮೊದಲೇ ಕುರ್ಚಿಯಿಂದ ಅವನೇ ಅಂದ, “ಕ್ಷಮಾ ಯಾತಕ್ಕ? ನಾ ಏನ ಮಾಡೇನಿ?”

ನೋಡಿದಿರಲ್ಲ, ಮೂರೂ ಬಿದ್ದುಹೋದವು. ಅವಳಿಗೆ ದಾರಿ ಬಿಟ್ಟೆ.

೧೦

ರಾಧಾಬಾಯಿ ಮೊದಲು ಸದ್ದಿನ ಗುಂಡಿಯನ್ನು ಪೂರ್ತಿ ಇಳಿಸಿದಳು. (ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.) ಪೆಟ್ಟಿಗೆಯ ಹಿಂದೆ ಬಗ್ಗಿ ಪಿನ್ನಿಗೆ ಕೈ ಹಾಕಿದಳು. ಭಾರ್ಗವ ನೆಮ್ಮದಿಯ ಉಸಿರು ಬಿಟ್ಟ. ಅವಳು ಕಿತ್ತದ್ದು ಬಿಳಿ ಪಿನ್ನನ್ನು.

ಟೇಪನ್ನು ಮೊದಲಿಗೆ ಸುತ್ತಿದಳು. ಗುಂಡಿ ಏರಿಸಿದಳು.

“ರೆಕಾರ್ಡ್ ಹಚ್ಚು ಭಾರ್ಗವಾ.”

“ಕಾಕೂ, ಇದೇನ ಮಾಡಿದ್ರಿ?”

“ಮಂದಿಗೆ ಖಾಲಿ ಜಾಗಾ ಬೇಕು ಅಂದೆಲ್ಲ. ಇದರಾಗೂ ಖಾಲಿ ಜಾಗಾ ಅದಾವ, ಅಷ್ಟ ಉದ್ದಂದು. ಹಚ್ಚು. ಇಲ್ಲಾಂದ್ರ ಚಹಾ ಕುಡದೀಯಲ್ಲ, ಹೊಂಡು. ಕ್ಯಾಸೆಟ್ಟು ನನ್ನ ಕಡೆ ಇರ್ತದ.”

ಭಾರ್ಗವ ಕಾಕಾನ ಮುಖ ನೋಡಿದ. ಕಾಕಾ ಗೋಡೆ ನೋಡುತ್ತಿದ್ದ. ಕಿತ್ತೂರಿನಿಂದ ಬಸ್ಸು ಹಿಡಿದು ಬಂದು ಬರಿಗೈಲಿ ಹೋಗುವುದಕ್ಕಿಂತ ಇದೇ ವಾಸಿ ಅನ್ನಿಸಿರಬೇಕು. ಹಚ್ಚಿದ.

*ಹೊಳಿ ತುಂಬಿ ಬಂದಾಳ, ಹರಿಗೋಲ ತಾರೊ.*

ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದ ಆಳದಲ್ಲಿ ಗಂಡಸಿನ ದನಿಯೊಂದು ಸಣ್ಣಗೆ, ದೂರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಎಂಬಂತೆ. ರಾಧಾಬಾಯಿ ಕೇಳುತ್ತ ನಿಂತಳು. ಇಷ್ಟು ವರ್ಷ ತಾನು ಇದ್ದ ಜಾಗ ಇದು ಎಂದು ಅವಳಿಗೆ ಗೊತ್ತಾಯಿತು. ಕರುಣೆ ಬಂದೀತೇ ಎಂದು ನಾನು ಕಾದೆ. ಅವಳ ಮುಖ ಸಡಿಲಾಗಲಿಲ್ಲ.

ಎರಡನೆಯ ಸಾಲು ಮುಗಿಯಿತು. ಮತ್ತೆ ಖಾಲಿ. ಅವಳು ಅಂದದ್ದನ್ನು ಅನ್ನುವ ಹಳೇ ಅಭ್ಯಾಸವೋ, ಆ ಖಾಲಿಯನ್ನು ತಾಳಲಾರದೆಯೋ, ರಘೋತ್ತಮ ಕುರ್ಚಿಯಲ್ಲಿ ನೆಟ್ಟಗಾಗಿ, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದ.

ರಾಧಾಬಾಯಿ ಅಂಗೈ ಎತ್ತಿ ಅಡ್ಡ ಹಿಡಿದಳು.

“ಸುಮ್ಮ ಕೂಡ್ರಿ. ರೆಕಾರ್ಡ್ ನಡದದ.”

ಅವನು ಬಾಯಿ ಮುಚ್ಚಿದ. ಹೊರಗೆ ಓಣಿಯಲ್ಲಿ ಟಮಟಂ ರಿಕ್ಷಾ ಒಂದು ಹೋಯಿತು. ಅದೂ ರೆಕಾರ್ಡಿನಲ್ಲಿ ಬಂದಿರುತ್ತದೆಯೋ ಎಂದು ನಾಗರತ್ನಾ ಪಿಸುಗುಟ್ಟಿದಳು. ವೈರನ್ನು ತೋರಿಸಿ, ಅದರಲ್ಲಿ ಬಂದದ್ದಷ್ಟೇ, ಹೊರಗಿನದು ಬರುವುದಿಲ್ಲ ಎಂದು ಭಾರ್ಗವ ತಲೆ ಅಲ್ಲಾಡಿಸಿದ.

೧೧

ನಿಮ್ಮ ಪ್ರಶ್ನೆಗಳು ನನಗೆ ಗೊತ್ತು. ಭಾರ್ಗವ ಅದನ್ನು ಚಾನಲ್ಲಿಗೆ ಹಾಕಿದನೇ? ಯಾರ ಹೆಸರು ಬರೆದ? ರಘೋತ್ತಮ ಆ ದಿನ ಊಟ ಮಾಡಿದನೇ? ಅವನಿಗೆ ಆದದ್ದೂ ಅನ್ಯಾಯವೇ ಅಲ್ಲವೇ, ಒಂದು ಪಿನ್ನಿನ ಬದಲು ಇನ್ನೊಂದನ್ನು ಕಿತ್ತರೆ ಲೆಕ್ಕ ಸರಿಹೋಯಿತೇ? ಎರಡನ್ನೂ ಹಚ್ಚಿ ಹಾಡು ಪೂರ್ತಿ ಕೇಳಿಸಿದ್ದರೆ ಕಥೆಗೆ ಒಂದು ಘನತೆ ಬರುತ್ತಿರಲಿಲ್ಲವೇ?

ಕೊನೆಯದನ್ನು ನಾನೂ ಕೇಳಿದೆ. ಟೇಪು ಇನ್ನೂ ಓಡುತ್ತಿತ್ತು. ಅವಳ ಸಾಲು ಮುಗಿದು ಖಾಲಿ ಬಂದ ಹೊತ್ತು ನೋಡಿ, ಪಿಸುದನಿಯಲ್ಲಿ, ಆದಷ್ಟು ಮರ್ಯಾದೆಯಿಂದ ಕೇಳಿದೆ.

“ಕಾಕೂ, ಬಿಳಿ ಪಿನ್ನನ್ನು ಮತ್ತೆ ಹಚ್ಚುತ್ತೀರಲ್ಲ? ನನ್ನ ಕಥೆ ಮುಗಿಸಬೇಕಿದೆ.”

“ಹಚ್ಚತೇನಿ,” ಅಂದಳು ರಾಧಾಬಾಯಿ. “ನನಗ ಅನಸಿದಾಗ. ನೀವು ಕೇಳಿದಾಗ ಅಲ್ಲ.”